ಪೆರಿಯೊ (ಒಸಡಿನ ಕಾಯಿಲೆ) ಟ್ರೀಟ್‌ಮೆಂಟ್ ಆದ್ಮೇಲೂ ಹೋಗೋ ಹಲ್ಲುಗಳು: ನನ್ನ ಅನುಭವ

ಫರ್ಕೇಶನ್ ಇರೋ, ಅಂದ್ರೆ ಬೇರು ಕವಲೊಡೆಯೋ ಜಾಗದಲ್ಲೂ ಮೂಳೆ ಹೋಗಿರೋ ಮೋಲಾರ್‌ಗಳನ್ನ (ದವಡೆ ಹಲ್ಲು) ಕೀಳದೆ, ಆಗಾಗ ಕರೆಸಿ ಕ್ಲೀನ್ ಮಾಡೋ ಮೇಂಟೆನೆನ್ಸ್‌ನಲ್ಲೇ ಉಳಿಸ್ತೀನಿ ಅಂತ ಹೊರಟಾಗ ಜೊತೆಯವರೆಲ್ಲ ಸುಮ್ನೆ ಚೇರ್ ಟೈಮ್ ದಂಡ, ಕಿತ್ತು ಇಂಪ್ಲಾಂಟ್ ಹಾಕು ಅಂದಿದ್ರು. ಹತ್ತು ವರ್ಷದ ಮೇಲಾಯ್ತು. ಆವತ್ತು ಹೋಪ್‌ಲೆಸ್ ಅಂತ ಚಾರ್ಟ್‌ನಲ್ಲಿ ಬರೆದಿದ್ದ ಹಲ್ಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇನ್ನೂ ಬಾಯಲ್ಲೇ ಇವೆ, ಜನ ಅದರಲ್ಲೇ ಅಗಿದು ತಿಂತಿದ್ದಾರೆ. ಸ್ಕೇಲಿಂಗ್, ರೂಟ್ ಪ್ಲೇನಿಂಗ್ (ಹಲ್ಲು, ಬೇರು ಕೆರೆದು ಕ್ಲೀನ್ ಮಾಡೋದು), ಫ್ಲಾಪ್ (ಒಸಡು ಬಿಡಿಸಿ ಮಾಡೋ ಸರ್ಜರಿ) ನಿಮಗೆಲ್ಲ ಗೊತ್ತಿರೋದೇ, ಅದು ಬೇಡ. ಅದೆಲ್ಲ ಮುಗಿದ್ಮೇಲೆ ಯಾವ ಹಲ್ಲು ಕೈಕೊಡುತ್ತೆ ಅಂತ ಮೊದಲೇ ಹೇಗೆ ಹಿಡೀತೀನಿ ಅನ್ನೋದಷ್ಟೇ ಬರೀತೀನಿ.

ಮೊದಲು ಸೋತ ಕೇಸ್‌ಗಳು, ಯಾಕಂದ್ರೆ ನಾನು ಕಲಿತಿದ್ದೆಲ್ಲ ಅಲ್ಲೇ. ಹೋದ ಹಲ್ಲುಗಳ ಚಾರ್ಟ್‌ಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ ನೋಡಿದೆ. ಹೆಚ್ಚುಕಮ್ಮಿ ಮುಕ್ಕಾಲು ಪಾಲು ಮೋಲಾರ್‌ಗಳೇ, ಅದರಲ್ಲೂ ಮೇಲಿನವು ಜಾಸ್ತಿ. ಜನ ಯಾರು ಅಂತ ನೋಡಿದ್ರೆ ಸಿಗರೇಟ್ ಬಿಡದವರು, ಶುಗರ್ ಕಂಟ್ರೋಲ್ ಇಲ್ಲದವರು, ಎಲ್ಲಕ್ಕಿಂತ ಹೆಚ್ಚಾಗಿ ನೋವು ಹೋಯ್ತಲ್ಲ ಅಂತ ರೀಕಾಲ್‌ಗೆ (ಮೇಂಟೆನೆನ್ಸ್ ವಿಸಿಟ್) ಬರೋದು ಬಿಟ್ಟವರು. 1984ರಲ್ಲಿ ವಿಲ್ಸನ್ ಅವರ ತಂಡ ಸಾವಿರ ಪೇಷೆಂಟ್‌ಗಳನ್ನ ನೋಡಿದಾಗ ಹೇಳಿದಾಗೆಲ್ಲ ತಪ್ಪದೆ ರೀಕಾಲ್‌ಗೆ ಬಂದವರು ಬರೀ 16 ಪರ್ಸೆಂಟ್, ಹಾಗಾಗಿ ಇದು ನಮ್ಮೊಬ್ಬರ ತಲೆನೋವಲ್ಲ.

ಹಿರ್ಷ್‌ಫೆಲ್ಡ್ ಮತ್ತು ವಾಸರ್‌ಮನ್ ಅನ್ನೋ ಡೆಂಟಿಸ್ಟ್‌ಗಳು 600 ಜನರನ್ನ ಸರಾಸರಿ 22 ವರ್ಷ ಫಾಲೋ ಮಾಡಿ 1978ರಲ್ಲಿ ಬರೆದಿದ್ದು ಎಲ್ಲರೂ ಓದಿರ್ತೀರಿ. 80 ಪರ್ಸೆಂಟ್‌ಗೂ ಮೇಲೆ ಜನ ಕಳಕೊಂಡಿದ್ದು ಹೆಚ್ಚಂದ್ರೆ ಮೂರು ಹಲ್ಲು, ಫರ್ಕೇಶನ್ ಇದ್ದ ಹಲ್ಲುಗಳಲ್ಲೂ ಹೋಗಿದ್ದು ಸುಮಾರು ಮೂರನೇ ಒಂದು ಭಾಗ ಅಷ್ಟೇ. ಇಷ್ಟು ಹಳೇ ಲೆಕ್ಕ ಕಣ್ಮುಂದೆ ಇದ್ದೂ ಫರ್ಕೇಶನ್ ಕಂಡ ತಕ್ಷಣ ಫೋರ್ಸೆಪ್ಸ್ ತಗೊಳ್ಳೋದು ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ.

ನಾನು ಬದಲಾಯಿಸಿದ ದೊಡ್ಡ ವಿಷಯ ಅಂದ್ರೆ ಆಕ್ಟಿವ್ ಟ್ರೀಟ್‌ಮೆಂಟ್ ಮುಗೀತು ಅನ್ನೋ ಮುಂಚೆ 6 ಎಂಎಂ ಪಾಕೆಟ್ (ಹಲ್ಲಿಗೂ ಒಸಡಿಗೂ ನಡುವಿನ ಆಳದ ಸಂದು) ಉಳಿದು ಅದರಲ್ಲಿ ರಕ್ತ ಬರ್ತಿದ್ರೆ ಮೇಂಟೆನೆನ್ಸ್‌ಗೆ ಕಳಿಸೋದೇ ಇಲ್ಲ, ಮತ್ತೆ ಒಳಗೆ ಹೋಗ್ತೀನಿ, ಬೇಕಾದ್ರೆ ಓಪನ್ ಮಾಡ್ತೀನಿ. ಮುಂದೆ ಹೋಗೋ ಹಲ್ಲುಗಳು ಹೆಚ್ಚಾಗಿ ಈ ಗುಂಪಿನಿಂದಲೇ ಬರ್ತವೆ. ರಕ್ತ ಬರದ ಜಾಗ ಸದ್ಯಕ್ಕೆ ಸೇಫ್ ಅಂತ ಧೈರ್ಯವಾಗಿ ಹೇಳಬಹುದು, ಆದ್ರೆ ಸಿಗರೇಟ್ ಸೇದೋರಲ್ಲಿ ಇದನ್ನ ನಂಬಬೇಡಿ, ಅವರ ಒಸಡು ಒಳಗೆ ಕೆಡ್ತಿದ್ರೂ ರಕ್ತ ತೋರಿಸೋದು ಕಮ್ಮಿ, ಅಲ್ಲಿ ಎಂಎಂ ಲೆಕ್ಕ ಮತ್ತು ಎಕ್ಸ್‌ರೇ ಮಾತ್ರ ನೋಡಿ. ಇನ್ನೊಂದು, ಮೇಲಿನ ಫಸ್ಟ್ ಮೋಲಾರ್‌ನ ಮೀಸಿಯಲ್ (ಮುಂದಿನ ಬದಿಯ) ಫರ್ಕೇಶನ್‌ಗೆ ನೇಬರ್ಸ್ ಪ್ರೋಬ್‌ನ (ಫರ್ಕೇಶನ್ ನೋಡೋ ಬಾಗಿದ ಕಡ್ಡಿ) ಪ್ಯಾಲೇಟಲ್ (ಅಂಗುಳಿನ) ಕಡೆಯಿಂದ ಹಾಕಿ. ಬಕಲ್‌ನಿಂದ (ಕೆನ್ನೆ ಕಡೆಯಿಂದ) ತಡಕಾಡಿ ಏನೂ ಇಲ್ಲ ಅಂತ ಬರೆದ ಚಾರ್ಟ್‌ಗಳು ನನ್ನತ್ರ ರೆಫರ್ ಆಗಿ ಎಷ್ಟೋ ಬಂದಿವೆ.

ರೀಕಾಲ್ ಎಲ್ಲರಿಗೂ ಆರು ತಿಂಗಳು ಅನ್ನೋದನ್ನೂ ಬಿಟ್ಟೆ. ಸಿಗರೇಟ್ ದಿನಕ್ಕೆ ಹತ್ತು ದಾಟಿದ್ರೆ, ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಟೆಸ್ಟ್) 7ರ ಮೇಲಿದ್ರೆ, ವಯಸ್ಸಿಗೆ ಮೀರಿ ಬೋನ್ ಹೋಗಿದ್ರೆ ಮೂರು ತಿಂಗಳು, ಯಾವ ಮುಲಾಜೂ ಇಲ್ಲ. ಕಾರ್ಡ್ ಮೇಲೆ ಬಣ್ಣದ ಗುರುತು ಹಾಕ್ತೀನಿ, ಆ ಗುರುತಿನ ಲೆಕ್ಕ ಮಾತ್ರ ಇಲ್ಲಿ ಬಿಡಿಸಿ ಹೇಳಲ್ಲ, ಅದನ್ನ ಕುದುರಿಸೋಕೆ ನನಗೆ ವರ್ಷಗಳೇ ಹಿಡಿದಿವೆ.

ದುಡ್ಡಿನ ವಿಷಯ. ಜನ ಸರ್ಜರಿಗೆ ಕೊಡ್ತಾರೆ, ನೋವಿಲ್ಲದಾಗ ಬರೋ ವಿಸಿಟ್‌ಗೆ ಕೊಡೋಕೆ ಮನಸ್ಸು ಬರಲ್ಲ. ಅದಕ್ಕೆ ಮೊದಲ ವರ್ಷದ ವಿಸಿಟ್‌ಗಳನ್ನೆಲ್ಲ ಟ್ರೀಟ್‌ಮೆಂಟ್ ಫೀಸ್‌ನಲ್ಲೇ ಸೇರಿಸಿದೆ. ಶುರುವಿನ ಒಂದೆರಡು ವರ್ಷ ಕೈಕಚ್ಚಿತು, ಇಂಪ್ಲಾಂಟ್ ಹಾಕಿದ್ರೆ ಒಂದೇ ದಿನ ಬರೋ ದುಡ್ಡು ಇಲ್ಲಿ ತಿಂಗಳುಗಟ್ಟಲೆ ಬರ್ತಿರಲಿಲ್ಲ. ಆಮೇಲೆ ಡೈರಿಯೆಲ್ಲ ರೀಕಾಲ್‌ನವರಿಂದಲೇ ತುಂಬಿಹೋಯ್ತು, ಈಗ ಕ್ಲಿನಿಕ್ ಖರ್ಚು ಕಳೆಯೋದು ಅವರಿಂದಲೇ. ಪೇಷೆಂಟ್ ಕಡೆಯಿಂದ ನೋಡಿದ್ರೂ ಒಂದು ಇಂಪ್ಲಾಂಟ್ ಖರ್ಚಲ್ಲಿ ಎಷ್ಟೋ ವರ್ಷದ ಮೇಂಟೆನೆನ್ಸ್ ಆಗುತ್ತೆ, ಮೇಲಾಗಿ ಪೆರಿಯೊ ಆಗಿದ್ದ ಬಾಯಲ್ಲಿ ಇಂಪ್ಲಾಂಟ್‌ಗೂ ಪೆರಿ-ಇಂಪ್ಲಾಂಟೈಟಿಸ್ (ಇಂಪ್ಲಾಂಟ್ ಸುತ್ತ ಉರಿಯೂತ ಬಂದು ಮೂಳೆ ಹೋಗೋದು) ಭಯ ಬೇರೆಯವರಿಗಿಂತ ಜಾಸ್ತಿ.

ನಡುವೆ ಫರ್ಕೇಶನ್ ಒಳಗೆ ಕ್ಲೋರ್‌ಹೆಕ್ಸಿಡಿನ್ (ಕ್ರಿಮಿ ಕೊಲ್ಲೋ ಔಷಧಿ) ಸಿರಿಂಜ್‌ನಲ್ಲಿ ಹಾಕಿ ನೋಡಿದೆ, ಸುಮಾರು ತಿಂಗಳು ಮಾಡಿದೆ, ನನ್ನ ಕಣ್ಣಿಗೆ ಕಂಡಿದ್ದು ಹಲ್ಲಿನ ಮೇಲಿನ ಕಂದು ಕಲೆ ಮಾತ್ರ. ಇಂಟರ್‌ಡೆಂಟಲ್ ಬ್ರಷ್ ಮಾತ್ರ ನಿಜವಾಗ್ಲೂ ಕೆಲಸ ಮಾಡ್ತು, ಅದೂ ಒಂದೇ ಸೈಜ್ ಕೊಟ್ಟು ಕಳಿಸಿದ್ರೆ ಅಲ್ಲ. ಒಂದೊಂದು ಸಂದಿಗೂ ಅಳತೆ ನೋಡಿ, ಒಳಗಿನ ತಂತಿ ಹಲ್ಲಿಗೆ ತಾಗದ ಹಾಗೆ, ಎಳೆಗಳು ಎರಡೂ ಕಡೆ ಒತ್ತೋ ಹಾಗೆ ಆರಿಸಿ, ಕನ್ನಡಿ ಮುಂದೆ ಅವರ ಕೈಯಲ್ಲೇ ಮಾಡಿಸ್ತೀನಿ, ಮುಂದಿನ ಸಲ ಬರುವಾಗ ಹಳೇ ಬ್ರಷ್ ತನ್ನಿ ಅಂತೀನಿ. ಎಳೆ ಸವೆದಿಲ್ಲ ಅಂದ್ರೆ ಉಪಯೋಗಿಸಿಲ್ಲ ಅಂತ ಅಲ್ಲೇ ಗೊತ್ತಾಗುತ್ತೆ.

ನಾನೂ ಕೀಳ್ತೀನಿ. ರೂಟ್ ಉದ್ದಕ್ಕೆ ಸೀಳಿದ್ರೆ, ಕಚ್ಚಿದಾಗ ಹಲ್ಲು ಮೇಲೆ ಕೆಳಗೆ ಆಡ್ತಿದ್ರೆ, ಆರ್‌ಪಾರ್ ಫರ್ಕೇಶನ್ ಇದ್ದು ಪೇಷೆಂಟ್ ಸಿಗರೇಟೂ ಬಿಡಲ್ಲ ರೀಕಾಲ್‌ಗೂ ಬರಲ್ಲ ಅಂದ್ರೆ ಕಾಯಲ್ಲ. ಒಂದೇ ಜಾಗ ರೀಕಾಲ್ ಮೇಲೆ ರೀಕಾಲ್ ರಕ್ತ ಬಂದು ಆಳವೂ 2 ಎಂಎಂ ಜಾಸ್ತಿ ಆದ್ರೆ ಫ್ಲಾಪ್ ಎತ್ತಿ ಒಂದ್ಸಲ ನೋಡ್ತೀನಿ, ಅದಾದ್ಮೇಲೂ ನಿಲ್ಲಲಿಲ್ಲ ಅಂದ್ರೆ ಆ ಹಲ್ಲು ತೆಗೀತೀನಿ.