ಮಹಿಳಾ ಘಟಕದ ಚರಿತ್ರೆ: ದಾಸ್ತಾನು ಪುಸ್ತಕದಿಂದ ಶುರು ಮಾಡಿ

ಕಾಲೇಜಿನ ಮಹಿಳಾ ಘಟಕದ ಚರಿತ್ರೆ ಬರೆಯಲು ಕೂತವರ ಕೈ ಮೊದಲು ಹೋಗುವುದು ನ್ಯಾಕ್ (ಕಾಲೇಜುಗಳನ್ನು ಪರಿಶೀಲಿಸಿ ಶ್ರೇಣಿ ಕೊಡುವ ರಾಷ್ಟ್ರೀಯ ಸಂಸ್ಥೆ) ಫೈಲಿಗೆ. ನಾವೂ ಅಲ್ಲಿಂದಲೇ ಶುರು ಮಾಡಿ ಎರಡು ವಾರ ಹಾಳು ಮಾಡಿಕೊಂಡೆವು. ನ್ಯಾಕ್ ಹುಟ್ಟಿದ್ದೇ 1994ರಲ್ಲಿ. ಆ ಫೈಲಿಗೆ ಹಿಂದಿನದು ಗೊತ್ತಿಲ್ಲ, ಗೊತ್ತಿದ್ದನ್ನು ಒಂದಕ್ಕೆರಡು ಮಾಡಿ ಹೇಳುತ್ತದೆ. ಒಂದೇ ರಕ್ತಹೀನತೆ ತಪಾಸಣಾ ಶಿಬಿರ ಎನ್ನೆಸ್ಸೆಸ್, ರೆಡ್‌ಕ್ರಾಸ್, ಮಹಿಳಾ ಘಟಕ ಮೂರರ ವರದಿಯಲ್ಲೂ ಇರುತ್ತದೆ. ದಿನಾಂಕ, ಅತಿಥಿ, ಜಾಗ ಮೂರೂ ಹೊಂದಿದರೆ ಅದನ್ನು ಒಂದೇ ಎಂದು ಲೆಕ್ಕ ಹಾಕಿ.

ಕೈ ಹಿಡಿದದ್ದು ದಾಸ್ತಾನು ಪುಸ್ತಕ, ಅಂದರೆ ಕಾಲೇಜು ಕೊಂಡ ಸಾಮಾನುಗಳ ಸ್ಟಾಕ್ ರಿಜಿಸ್ಟರ್. ಸಮಿತಿ ಕಾಗದದ ಮೇಲೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಒಂದು ಕೋಣೆ ಬಂದಿರುತ್ತದೆ. ಎಲ್ಲರ ಬಾಯಲ್ಲಿ ಅದು ‘ಲೇಡೀಸ್ ರೂಮ್’. ‘ಗೋಡೆ ಕನ್ನಡಿ 1, ಕಬ್ಬಿಣದ ಮಂಚ 1, ಬೆಂಚು 2’ ಎಂಬ ಸಾಲು ಸಿಕ್ಕಿದರೆ ಪಕ್ಕದ ವೋಚರ್ ಸಂಖ್ಯೆ ಹಿಡಿದು ಕ್ಯಾಷ್ ಬುಕ್ಕಿಗೆ ಹೋಗಿ. ಯಾವ ಖಾತೆಯಿಂದ ದುಡ್ಡು ಬಂತು ಎಂಬುದೇ ದೊಡ್ಡ ಸುದ್ದಿ: ವಿದ್ಯಾರ್ಥಿ ಸಂಘದ ಶುಲ್ಕದಿಂದ ಬಂದಿದ್ದರೆ ಹುಡುಗಿಯರೇ ಕೇಳಿ ಪಡೆದಿರುವ ಸಾಧ್ಯತೆ ಹೆಚ್ಚು. ಆಗ ಅದೇ ವರ್ಷದ ಆವಕ ಪುಸ್ತಕದಲ್ಲಿ (ಬಂದ ಪತ್ರಗಳನ್ನು ದಾಖಲಿಸುವ ಪುಸ್ತಕ) ಮನವಿಪತ್ರ ಹುಡುಕಬೇಕು. ಕ್ಯಾಷ್ ಬುಕ್ಕಿನ ವರ್ಷ ಏಪ್ರಿಲ್‌ನಿಂದ, ಕಾಲೇಜಿನ ವರ್ಷ ಜೂನ್–ಜುಲೈನಿಂದ; ಇದನ್ನು ಮರೆತರೆ ಇಡೀ ಕಾಲಾನುಕ್ರಮಣಿಕೆ ಒಂದು ವರ್ಷ ಜಾರುತ್ತದೆ.

ಹೆಸರೂ ಒಂದೇ ಇರುವುದಿಲ್ಲ. ಮಹಿಳಾ ವೇದಿಕೆ, ಮಹಿಳಾ ಸಬಲೀಕರಣ ಘಟಕ, ಲೈಂಗಿಕ ಕಿರುಕುಳ ತಡೆ ಸಮಿತಿ ಎಲ್ಲವನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಚಟುವಟಿಕೆ ನಡೆಸುವ ಘಟಕವೂ ದೂರು ಕೇಳುವ ಸಮಿತಿಯೂ ಒಂದೇ ಅಲ್ಲ, ಸಂಚಾಲಕಿ ಒಬ್ಬರೇ ಆಗಿದ್ದರೂ.

ನಡಾವಳಿ ಪುಸ್ತಕವನ್ನು ಕಣ್ಣುಮುಚ್ಚಿ ನಂಬಬೇಡಿ. ತಪಾಸಣೆಗೆ ಮುಂಚೆ ಒಂದೇ ರಾತ್ರಿ ಮೂರು ವರ್ಷದ ಸಭೆ ಬರೆಯುವ ಚಾಳಿ ನಮ್ಮಲ್ಲಿ ಹೊಸದೇನಲ್ಲ. ಜೂನ್‌ನಿಂದ ಮಾರ್ಚ್‌ವರೆಗೆ ಒಂದೇ ಪೆನ್ನು, ಸಹಿಗಳು ಪ್ರತಿ ಸಲ ಅದೇ ಕ್ರಮದಲ್ಲಿ, ಒಬ್ಬರೂ ಗೈರು ಇಲ್ಲ ಎಂದರೆ ಅನುಮಾನಿಸಿ. ಪದಗಳೂ ಗುಟ್ಟು ಬಿಡುತ್ತವೆ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1997ರ ಆಗಸ್ಟ್ 13ರ ವಿಶಾಖಾ ತೀರ್ಪು ಹೇಳಿದ್ದು ಬರೀ ‘ದೂರು ಸಮಿತಿ’. ‘ಆಂತರಿಕ ದೂರು ಸಮಿತಿ’ ಬಳಕೆಗೆ ಬಂದದ್ದು ಅದೇ ಕಿರುಕುಳ ತಡೆಯಲು ಬಂದ 2013ರ ಕಾಯ್ದೆಯಿಂದ. 2005ರ ನಡಾವಳಿಯಲ್ಲಿ ಆ ಮಾತು ಕಂಡರೆ ಅದು ಬಹುಮಟ್ಟಿಗೆ ಆಮೇಲೆ ಬರೆದದ್ದು. ಖಾತ್ರಿಗೆ ನೋಟಿಸ್ ಪುಸ್ತಕ ನೋಡಿ. ಅಟೆಂಡರ್ ತರಗತಿಯಿಂದ ತರಗತಿಗೆ ಹೊತ್ತು ಹಾಕಿಸಿದ ಸಹಿಗಳನ್ನು ಸೃಷ್ಟಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ.

2000ರ ದಶಕದ ವರದಿಗಳು ಸಿ.ಡಿ.ಯಲ್ಲಿ ಸಿಕ್ಕವು, ತೆರೆದರೆ ಅಕ್ಷರವೆಲ್ಲ ಕಲಸುಮೇಲೋಗರ. ಅವು ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನವು. ಮೊದಲು ಫಾಂಟ್ ಹಾಕಿ ಓದಿ, ಪಿಡಿಎಫ್ ಮಾಡಿಟ್ಟು, ಆಮೇಲೆ ಯುನಿಕೋಡ್‌ಗೆ ಪರಿವರ್ತಿಸಿ. ಪರಿವರ್ತನೆಯಲ್ಲಿ ಕೆಡುವುದು ಅರ್ಕಾವತ್ತು, ಒತ್ತಕ್ಷರ. ಹೆಸರುಗಳನ್ನು ಮೂಲದೊಂದಿಗೆ ಅಕ್ಷರಕ್ಷರ ಹೋಲಿಸಿ. ಕಾಗದಗಳನ್ನು 300 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಸಾಕು, ಪೆನ್ಸಿಲ್ ಬರಹಕ್ಕೆ 600. ತುಕ್ಕು ಹಿಡಿದ ಪಿನ್ನು ತೆಗೆಯಿರಿ, ಹರಿದಲ್ಲಿ ಸೆಲ್ಲೋಟೇಪ್ ಮಾತ್ರ ಬೇಡ.

ನಿವೃತ್ತ ಮೇಡಂಗಳನ್ನು ಒಬ್ಬೊಬ್ಬರಾಗಿ ಅಲ್ಲ, ಇಬ್ಬಿಬ್ಬರಾಗಿ ಕೂರಿಸಿ, ನಡುವೆ ಹಳೆಯ ಗ್ರೂಪ್ ಫೋಟೊ ಇಟ್ಟು ಮಾತಾಡಿಸಿ. ‘ಯಾವ ಇಸವಿ ಮೇಡಂ?’ ಎಂದರೆ ತಪ್ಪು ಉತ್ತರ ಬರುತ್ತದೆ. ‘ಸೆಮಿಸ್ಟರ್ ಬರುವುದಕ್ಕೆ ಮುಂಚೆಯೋ ಆಮೇಲೋ?’ ಎಂದರೆ ಸರಿಯಾದದ್ದು ಸಿಗುತ್ತದೆ. ಮದುವೆಯಾದ ಮೇಲೆ ಇನಿಷಿಯಲ್ ಬದಲಾಗಿ ಒಬ್ಬರೇ ಇಬ್ಬರಾಗಿರುತ್ತಾರೆ, ಸೇವಾ ಪುಸ್ತಕದೊಂದಿಗೆ ತಾಳೆ ನೋಡಿ.

ದೂರಿನ ಕಡತಗಳನ್ನು ಮಾತ್ರ ಮುಟ್ಟಬೇಡಿ. 2013ರ ಕಾಯ್ದೆಯ 16ನೇ ಕಲಮಿನ ಪ್ರಕಾರ ದೂರಿನ ಒಕ್ಕಣೆ, ದೂರುದಾರರು, ಎದುರುದಾರರು, ಸಾಕ್ಷಿಗಳ ಗುರುತು ಯಾವುದನ್ನೂ ಪ್ರಕಟಿಸುವಂತಿಲ್ಲ; ಮಾಹಿತಿ ಹಕ್ಕು ಕಾಯ್ದೆ ತೋರಿಸಿದರೂ ನಡೆಯದು. ವಾರ್ಷಿಕ ವರದಿಯಲ್ಲಿರುವ ಬಂದವೆಷ್ಟು, ಇತ್ಯರ್ಥವಾದವೆಷ್ಟು ಎಂಬ ಸಂಖ್ಯೆ ಸಾಕು. ಅದೂ ವರ್ಷಕ್ಕೆ ಒಂದೇ ದೂರು ಇದ್ದಲ್ಲಿ ಓದಿದವರು ಯಾರೆಂದು ಊಹಿಸಿಬಿಡುತ್ತಾರೆ. ಹಾಗಾಗಿ ಐದೈದು ವರ್ಷ ಸೇರಿಸಿ ಕೊಟ್ಟೆವು.

ಏನೂ ಸಿಗದ ವರ್ಷಗಳ ಮುಂದೆ ‘ದಾಖಲೆ ಸಿಕ್ಕಿಲ್ಲ’ ಎಂದೇ ಅಚ್ಚು ಮಾಡಿಸಿ. ಒಂದು ಪ್ರತಿಗೆ ಗ್ರಂಥಾಲಯದ ಆಕ್ಸೆಷನ್ ನಂಬರ್ (ಪುಸ್ತಕ ದಾಖಲಾತಿ ಸಂಖ್ಯೆ) ಬೀಳಲಿ. ನಂಬರ್ ಇಲ್ಲದ್ದು ಮುಂದಿನ ಸುಣ್ಣಬಣ್ಣದ ಹೊತ್ತಿಗೆ ರದ್ದಿಗೆ ಹೋಗಿರುತ್ತದೆ.