ಬ್ಯಾಂಡ್‌ಸ್ಟ್ಯಾಂಡ್ ಸುತ್ತ ನಡೆದು ಕೇಳುವ ಆ್ಯಪ್: ಮಡಿಕೇರಿಯಲ್ಲಿ ಕೂತು ಮಾಡಿದ್ದು

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಎಂಟು ಮೂಲೆಯ ಕಬ್ಬಿಣದ ಮಂಟಪ ಇದೆ, ನೋಡಿರುತ್ತೀರಿ. ಅದೇ ಬ್ಯಾಂಡ್‌ಸ್ಟ್ಯಾಂಡ್. 20ನೇ ಶತಮಾನದ ಶುರುವಿನಲ್ಲಿ ಕಟ್ಟಿದ್ದು. ಮಿಲಿಟರಿ ಬ್ಯಾಂಡಿನವರು ಅಲ್ಲಿ ನುಡಿಸುತ್ತಿದ್ದರು, ಜನ ಸುತ್ತ ಅಡ್ಡಾಡುತ್ತಾ ಕೇಳುತ್ತಿದ್ದರು. ಈಗ ಹೆಚ್ಚಿನವರು ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಈ ಜಾಗವನ್ನು ಕಿವಿಯಿಂದ ನೋಡುವ ಹಾಗೆ ಒಂದು ಆ್ಯಪ್ ಮಾಡಬೇಕು ಅಂತ ನನಗೆ ಆಸೆ. ನಾನಿರುವುದು ಮಡಿಕೇರಿಯಲ್ಲಿ. ಆದರೂ ಆಯಿತು, ಹೇಗೆ ಅಂತ ಬರೆಯುತ್ತೇನೆ.

ಸುಮ್ನೆ ಒಬ್ಬರು ಇತಿಹಾಸ ಓದುತ್ತಾ ಹೋಗುವ ಆ್ಯಪ್ ನನಗೆ ಬೇಡವಿತ್ತು. ಬ್ಯಾಂಡ್‌ಸ್ಟ್ಯಾಂಡಿಗೆ ಗೋಡೆ ಇಲ್ಲ, ಹಾಗಾಗಿ ಮುಂದು ಹಿಂದು ಅಂತಲೂ ಇಲ್ಲ. 1861ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಉದ್ಯಾನದಲ್ಲಿ ಬ್ರಿಟನ್ನಿನ ಮೊದಲ ಬ್ಯಾಂಡ್‌ಸ್ಟ್ಯಾಂಡ್‌ಗಳು ಬಂದವು. ಆಮೇಲೆ ಬಂದವೂ ಹೆಚ್ಚುಕಮ್ಮಿ ಅದೇ ಥರ: ಎತ್ತರದ ಜಗಲಿ, ತೆಳು ಕಂಬ, ಮೇಲೊಂದು ಮಾಡು (ಚಾವಣಿ). ಜಗಲಿ ಎತ್ತರ ಇರುವುದರಿಂದ ಸದ್ದು ಮುಂದೆ ನಿಂತವರ ಮೈಗೆ ತಾಗಿ ಸಾಯುವುದಿಲ್ಲ, ಮೇಲಕ್ಕೆ ಹೋಗುವುದನ್ನು ಮಾಡು ಹೊರಗೆ ತಳ್ಳುತ್ತದೆ. ಯಾವ ಬದಿಗೆ ನಿಂತರೆ ಆ ಬದಿಯ ವಾದ್ಯ ಜಾಸ್ತಿ ಕೇಳುತ್ತದೆ. ಹಾಗಾಗಿ ನಾನು ಇಟ್ಟುಕೊಂಡ ನಿಯಮ ಒಂದೇ. ಆ್ಯಪಿನಲ್ಲಿ ಕೇಳುವ ಬ್ಯಾಂಡಿನ ಸದ್ದು ನಿಂತರೆ ಬದಲಾಗಬಾರದು, ನಡೆದರೆ ಮಾತ್ರ ಬದಲಾಗಬೇಕು.

ಹಳೆ ಗ್ರಾಮಫೋನ್ ರೆಕಾರ್ಡ್ ಹಾಕಬಹುದಲ್ವಾ ಅಂತ ಕೇಳಿದವರು ಬಹಳ. ಕಾನೂನಿನ ತೊಡಕು ಕಡಿಮೆಯೇ, ನಮ್ಮಲ್ಲಿ ರೆಕಾರ್ಡಿಂಗಿನ ಹಕ್ಕು ಪ್ರಕಟವಾದ ಮೇಲೆ 60 ವರ್ಷ. ಆದರೆ 1925ರ ತನಕ ರೆಕಾರ್ಡ್ ಮಾಡುತ್ತಿದ್ದದ್ದು ಮೈಕ್ ಇಲ್ಲದೆ, ದೊಡ್ಡ ಕೊಳವೆಯ ಬಾಯಿಗೆ ನುಡಿಸಿ. ದೊಡ್ಡ ಡ್ರಮ್ಮಿನ ಗುಡುಗು ಅದರಲ್ಲಿ ಸಿಗುವುದಿಲ್ಲ. ಮೇಲಾಗಿ ಎಲ್ಲ ವಾದ್ಯವೂ ಒಂದೇ ಟ್ರ್ಯಾಕಿನಲ್ಲಿ ಅಂಟಿಕೊಂಡಿರುತ್ತವೆ, ಬಿಡಿಸಿ ಸುತ್ತಲೂ ಇಡುವುದು ಹೇಗೆ?

ಇಲ್ಲಿ ಕೊಡಗಿನಲ್ಲಿ ಇರುವುದೇ ಅನುಕೂಲವಾಯಿತು. ಸೇನೆಯಿಂದ ನಿವೃತ್ತರಾದವರು ಇಲ್ಲದ ಊರು ನಮ್ಮಲ್ಲಿಲ್ಲ. ರೆಜಿಮೆಂಟ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿದ ಒಬ್ಬರು ವಿರಾಜಪೇಟೆ ಕಡೆ ಸಿಕ್ಕರು, ನಾನು ಮಾವ ಅಂತಲೇ ಕರೆಯುವುದು. "ಟ್ಯೂನ್ ಆಮೇಲೆ ನೋಡುವ, ಯಾರು ಎಲ್ಲಿ ನಿಲ್ಲುತ್ತಾರೆ ಅಂತ ಮೊದಲು ಬರೆದುಕೊ" ಅಂದು ಕಾಗದದ ಮೇಲೆ ಒಂದು ವೃತ್ತ ಎಳೆದು ಕ್ಲಾರಿನೆಟ್, ಕಾರ್ನೆಟ್, ಯುಫೋನಿಯಂ, ಡ್ರಮ್ಮು ಎಲ್ಲದಕ್ಕೂ ಜಾಗ ಗುರುತು ಹಾಕಿದರು. ಆ್ಯಪಿನ ನಕ್ಷೆ ಈಗಲೂ ಅದೇ. ತಮ್ಮ ಹಳೆ ಗೆಳೆಯರನ್ನೂ ಅವರೇ ಕರೆಸಿದರು.

ರೆಕಾರ್ಡ್ ಮಾಡಿದ್ದು ಖಾಲಿ ಬಿದ್ದ ಕಾಫಿ ಕಣದಲ್ಲಿ. ಗೋಡೆ ಇಲ್ಲದ್ದರಿಂದ ಪ್ರತಿಧ್ವನಿ ಇಲ್ಲ, ನೆಲದಿಂದ ಸದ್ದು ಎದ್ದು ಬರದಂತೆ ಗೋಣಿಚೀಲ ಹಾಸಿದೆವು. ಒಬ್ಬೊಬ್ಬರನ್ನೇ ಬೇರೆ ಬೇರೆ ಟ್ರ್ಯಾಕಿಗೆ ತೆಗೆದುಕೊಂಡೆವು. ಆಮೇಲೆ ಕಬ್ಬನ್ ಪಾರ್ಕಿಗೆ ಹೋಗಿ, ಕಾವಲಿನವರಿಗೆ ಮೊದಲೇ ಹೇಳಿ, ಬೆಳಗಿನ ಜಾವ ಮಂಟಪದೊಳಗೆ ಬಲೂನ್ ಒಡೆದು ಆ ಸದ್ದು ಹೇಗೆ ಹರಡಿ ಅಡಗುತ್ತದೆ ಅಂತ ಹಿಡಿದುಕೊಂಡೆ. ಆ ಗುಣವನ್ನು ಕಣದ ಟ್ರ್ಯಾಕುಗಳಿಗೆ ಸಾಫ್ಟ್‌ವೇರಿನಲ್ಲಿ ಬೆರೆಸಿದರೆ ವಾದ್ಯ ಆ ಮಾಡಿನ ಕೆಳಗೇ ನುಡಿದಂತೆ ಕೇಳುತ್ತದೆ. ನಮ್ಮ ಜೀರುಂಡೆಗಳನ್ನು ಮಾತ್ರ ಪೂರ್ತಿ ತೆಗೆಯಲು ಆಗಲಿಲ್ಲ. ಇರಲಿ ಬಿಡಿ, ಬೆಂಗಳೂರಿನವರಿಗೆ ಫ್ರೀ.

ತಲೆ ತಿಂದದ್ದು ಜಿಪಿಎಸ್. ಬಯಲಲ್ಲಿ ನಿಂತರೂ ಫೋನ್ ಹೇಳುವ ಜಾಗ ಸುಮಾರು 5 ಮೀಟರ್ ಆಚೀಚೆ, ದಟ್ಟ ಮರಗಳ ಕೆಳಗೆ ಇನ್ನೂ ಜಾಸ್ತಿ. ಬ್ಯಾಂಡ್‌ಸ್ಟ್ಯಾಂಡಿನ ಪಕ್ಕದಲ್ಲೇ ನಿಂತವರು ಯಾವ ಬದಿಗಿದ್ದಾರೆ ಅಂತ ಅದನ್ನು ನಂಬಿ ಹೇಳಲಾಗದು. ಅದಕ್ಕೆ ದೂರದಲ್ಲಿ ಜಿಪಿಎಸ್ ಮತ್ತು ದಿಕ್ಸೂಚಿ ಬಳಸಿದೆ. ಹತ್ತಿರ ಬಂದ ಮೇಲೆ ಎರಡನ್ನೂ ಬಿಟ್ಟು, ತಿರುಗುವುದನ್ನು ಅಳೆಯುವ ಗೈರೊಸ್ಕೋಪ್ ಮತ್ತು ಹೆಜ್ಜೆ ಎಣಿಕೆ. ದಿಕ್ಸೂಚಿ ಯಾಕೆ ಬಿಡಬೇಕು ಅಂದರೆ, ಅಷ್ಟು ಕಬ್ಬಿಣದ ಪಕ್ಕದಲ್ಲಿ ಅದು ಉತ್ತರವನ್ನೇ ತಪ್ಪು ಹೇಳುತ್ತದೆ. ನಡಿಗೆಯ ಪರೀಕ್ಷೆಗೆ ಇಲ್ಲೇ ಮಡಿಕೇರಿಯ ರಾಜಾಸೀಟ್ ಉದ್ಯಾನದ ಮಂಟಪ ಸಾಕಾಯಿತು. ಅದು ಗಾರೆ ಕಟ್ಟಡ, ಹಾಗಾಗಿ ಕಬ್ಬಿಣದ ಕಾಟ ನೋಡಲು ತೋಟದ ಶೀಟ್ ಶೆಡ್ಡಿನ ಸುತ್ತ ತಿರುಗಿದೆ. ಕೆಲಸದವರು ನನಗೇನಾಯಿತು ಅಂತ ಮನೆಯಲ್ಲಿ ವಿಚಾರಿಸಿದರಂತೆ.

ಮಡಿಕೇರಿ ಮಳೆಯಲ್ಲಿ ಫೋನ್ ಕೈಯಲ್ಲಿ ಹಿಡಿಯಲು ಆಗುವುದಿಲ್ಲ, ಜೇಬಿನಲ್ಲೇ ಇದ್ದು ಕೆಲಸ ಮಾಡಬೇಕು. ಆಂಡ್ರಾಯ್ಡ್ 8ರಿಂದ ಈಚೆಗೆ, ಹಿನ್ನೆಲೆಯಲ್ಲಿರುವ ಆ್ಯಪಿಗೆ ಗಂಟೆಗೆ ಕೆಲವೇ ಸಲ ಜಾಗದ ಮಾಹಿತಿ ಸಿಗುತ್ತದೆ. ಮೇಲೊಂದು ನೋಟಿಫಿಕೇಶನ್ ಸದಾ ಕಾಣುವಂತೆ ಇಟ್ಟು ಸರ್ವಿಸ್ ನಡೆಸಿದರೆ ಆ ತೊಂದರೆ ಇಲ್ಲ. ಇಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುವುದರಿಂದ ನನಗೆ ನೆಟ್ ನಂಬುವ ಅಭ್ಯಾಸವೂ ಇಲ್ಲ, ಎಲ್ಲ ಸದ್ದೂ ಮೊದಲೇ ಡೌನ್‌ಲೋಡ್ ಆಗಿಬಿಡುತ್ತದೆ. ಒಂದು ನಿಮಿಷದ ಸ್ಟೀರಿಯೊ ವೇವ್ ಫೈಲ್ ಸುಮಾರು 10 ಎಂಬಿ, ಸದ್ದಿನ ಫೈಲ್ ಕುಗ್ಗಿಸುವ ಓಪಸ್‌ನಲ್ಲಿ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಸಿದರೆ ಅರ್ಧ ಎಂಬಿಯೂ ಇಲ್ಲ.

ಕೇಳಿದವರೆಲ್ಲ ಈಗ, ರಾಜಾಸೀಟಿಗೆ ನಮ್ಮ ವಾಲಗ ಹಾಕಿ ಒಂದು ಆ್ಯಪ್ ಮಾಡು ಅನ್ನುತ್ತಿದ್ದಾರೆ. ಮಾಡಬಹುದು. ಆದರೆ ಮದುವೆ ಮನೆಯಲ್ಲಿ ವಾಲಗದವರು ಒಂದು ಕಡೆ ನಿಲ್ಲುತ್ತಾರೆ, ಮಾವ ಎಳೆದ ವೃತ್ತ ಅಲ್ಲಿಗೆ ಹೊಂದುವುದಿಲ್ಲ, ನಕ್ಷೆ ಹೊಸದಾಗಿ ಬರೆಯಬೇಕು. ಅದಕ್ಕಿಂತ ಮೊದಲು ಅವರ ಜೊತೆ ಕೂತು ಮಾತಾಡಿ, ಕೊಡಬೇಕಾದ ಹಣ ಹೊಂದಿಸಿಕೊಳ್ಳಬೇಕು.