ಎಡ ಸ್ಪೀಕರಿನ ಕರಕರ ನಿಂತದ್ದು ಹೀಗೆ

ಮಲ್ಪೆಯಲ್ಲಿ ನಮ್ಮ ಮನೆಯಿಂದ ಕಡಲಿಗೆ ಐದು ನಿಮಿಷದ ದಾರಿ. ಮಳೆಗಾಲ ಶುರುವಾದದ್ದೇ ತಡ, ಎಡಗಡೆ ಸ್ಪೀಕರ್ ಕರಕರ ಅನ್ನತೊಡಗಿತು. ಸ್ಪೀಕರೇ ಹೋಯಿತು ಅಂದುಕೊಂಡೆ. ಎರಡೂ ಸ್ಪೀಕರ್ ಅದಲುಬದಲು ಮಾಡಿ ನೋಡಿದರೆ ತೊಂದರೆ ಇದ್ದದ್ದು ವೈರಿನಲ್ಲಿ.

ಹೋದ ವರ್ಷ ನಾನೇ ಸುಮ್ನೆ ತಿರುಚಿ ಟೇಪ್ ಸುತ್ತಿದ್ದ ಜಾಯಿಂಟ್ ಬಿಚ್ಚಿದೆ. ತಾಮ್ರದ ಎಳೆಗಳು ಹಸಿರುಗಟ್ಟಿದ್ದವು. ಉಪ್ಪುಗಾಳಿ, ಅಲ್ವಾ? ಕೆರೆದು ಸೋಲ್ಡರ್ (ಕರಗಿಸಿ ಬೆಸೆಯುವ ಲೋಹದ ತಂತಿ) ಹಾಕಿದರೆ ಹಿಡಿಯಲೇ ಇಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿದೆ, 15 ಸೆಂ.ಮೀ. ವೈರ್ ಹೋಯಿತು. ತುದಿಗಳನ್ನು 2 ಸೆಂ.ಮೀ. ಸುಲಿದು, ಎಳೆಗಳನ್ನು ಒಂದರೊಳಗೊಂದು ಸೇರಿಸಿ ತಿರುಚಿದೆ. ಸೋಲ್ಡರನ್ನು ಬೆಸೆಯುವ ಬಿಸಿ ಐರನ್ನಿಗಲ್ಲ, ಬಿಸಿಯಾದ ತಾಮ್ರಕ್ಕೇ ಮುಟ್ಟಿಸಬೇಕು. ಆಗಲೇ ಅದು ಎಳೆಗಳೊಳಗೆ ಇಳಿಯುವುದು. ಪ್ಲಸ್ಸಿನದು, ಮೈನಸ್ಸಿನದು, ಎರಡು ಜಾಯಿಂಟ್ ಅಕ್ಕಪಕ್ಕ ಬರದ ಹಾಗೆ ಹಿಂದೆಮುಂದೆ ಇಟ್ಟೆ. ಒಂದಕ್ಕೊಂದು ತಾಗಿದರೆ ಆಂಪ್ಲಿಫೈಯರ್ ಸುಟ್ಟೀತು. ಬಿಸಿ ಮಾಡಿದರೆ ಕುಗ್ಗಿ ಜಾಯಿಂಟಿಗೆ ಬಿಗಿಯುವ ಹೀಟ್ ಶ್ರಿಂಕ್ ಟ್ಯೂಬನ್ನು ಮೊದಲೇ ತೂರಿಸಿರಬೇಕು. ನಾನು ಮರೆತು ಒಂದು ಜಾಯಿಂಟ್ ಮತ್ತೆ ಬಿಚ್ಚಿದೆ!

ಸದ್ದು ಸ್ವಚ್ಛವಾಗಿ ಬಂತು, ಆದರೆ ಬೇಸ್ ಪೊಳ್ಳು. ಜಾಯಿಂಟ್ ಮಾಡುವಾಗ ಎಡ ಸ್ಪೀಕರಿನ ಪ್ಲಸ್ಸು ಮೈನಸ್ಸು ತಿರುಗುಮುರುಗಾಗಿತ್ತು. ಪುಣ್ಯಕ್ಕೆ ಜಾಯಿಂಟ್ ಮುಟ್ಟಬೇಕಾಗಲಿಲ್ಲ, ಆಂಪ್ಲಿಫೈಯರ್ ಹಿಂದಿನ ತುದಿಗಳನ್ನೇ ಬದಲಿಸಿದೆ. ಈಗ ಯಕ್ಷಗಾನ ಹಾಕಿದರೆ ಚೆಂಡೆಯ ಪೆಟ್ಟು ಎರಡೂ ಕಡೆ ಗಟ್ಟಿಯಾಗಿ ಬೀಳುತ್ತದೆ.